ಹಡಗಿನಲ್ಲಿ ಹುಟ್ಟಿದ ಲೆಕ್ಕ

ಮಕ್ಕಳೇ, ಫೆಬ್ರುವರಿ ತಿಂಗಳ ಒಂದು ರಾತ್ರಿ ಎಂಟು ಗಂಟೆಯ ಹೊತ್ತಿಗೆ ಅಂಗಳಕ್ಕೆ ಬನ್ನಿ. ದಕ್ಷಿಣಕ್ಕೆ ಮುಖ ಮಾಡಿ ನಿಂತು ತಲೆಯೆತ್ತಿ ನೋಡಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧ ಪುಂಜದ ನಡುಪಟ್ಟಿ. ಆ ಸಾಲನ್ನು ಮನಸ್ಸಿನಲ್ಲೇ ಎಡಕ್ಕೂ ಕೆಳಕ್ಕೂ ಉದ್ದ ಮಾಡುತ್ತಾ ಹೋಗಿ. ಬಿಳಿಯಾಗಿ ಥಳಥಳಿಸುವ ಒಂದು ನಕ್ಷತ್ರ ಸಿಗುತ್ತದೆ. ಅದೇ ಲುಬ್ಧಕ. ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಪ್ರಕಾಶಮಾನವಾದ ನಕ್ಷತ್ರ ಬೇರೊಂದಿಲ್ಲ.

ಲುಬ್ಧಕಕ್ಕೆ ಒಬ್ಬ ಜೊತೆಗಾರ ಇದ್ದಾನೆ. ಅವನು ಬರಿಗಣ್ಣಿಗೆ ಕಾಣುವುದಿಲ್ಲ. 1862ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ದೂರದರ್ಶಕದ ಮೂಲಕ ಅವನನ್ನು ಮೊದಲ ಬಾರಿಗೆ ನೋಡಲಾಯಿತು. ಮುಂದೆ ಅಳತೆ ಮಾಡಿದಾಗ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು. ಅದರಲ್ಲಿರುವ ದ್ರವ್ಯ ನಮ್ಮ ಸೂರ್ಯನಲ್ಲಿ ಇರುವಷ್ಟೇ. ಗಾತ್ರ ಮಾತ್ರ ಭೂಮಿಗಿಂತ ತುಸು ಚಿಕ್ಕದು! ಅದರ ದ್ರವ್ಯವನ್ನು ಒಂದು ಚಹಾ ಚಮಚದಷ್ಟು ತರಲು ಸಾಧ್ಯವಾದರೆ ಅದು ಹಲವು ಟನ್ ತೂಗುತ್ತದೆ. ಒಂದು ಲಾರಿ ಅದನ್ನು ಹೊರಲು ಏದುಸಿರು ಬಿಡಬೇಕು.

ಇಂಥ ನಕ್ಷತ್ರಕ್ಕೆ ಶ್ವೇತಕುಬ್ಜ ಎಂದು ಹೆಸರು. ಇದು ಇಂಧನ ಮುಗಿದು ಬಾಳು ಮುಗಿಸಿದ ನಕ್ಷತ್ರ.

ನಾನು ದೂರದರ್ಶಕ ಹಿಡಿದು ಶಾಲೆಗಳಿಗೆ ಹೋದಾಗ ಮಕ್ಕಳು ಎರಡು ಪ್ರಶ್ನೆಗಳನ್ನು ತಪ್ಪದೇ ಕೇಳುತ್ತಾರೆ. ನಕ್ಷತ್ರಗಳು ಸಾಯುತ್ತವೆಯೇ? ಕಪ್ಪು ಕುಳಿ ಎಂದರೇನು? ಇವೆರಡು ಬೇರೆ ಬೇರೆ ಪ್ರಶ್ನೆಗಳಲ್ಲ. ಇವೆರಡನ್ನೂ ಜೋಡಿಸುವ ಒಂದು ಲೆಕ್ಕವಿದೆ. ಅದನ್ನು ಮಾಡಿದಾಗ ಆ ತರುಣನಿಗೆ 19 ವರ್ಷ. ಆತ ಭಾರತದಿಂದ ಇಂಗ್ಲೆಂಡಿಗೆ ಓದಲು ಹೊರಟಿದ್ದ ಹಡಗಿನಲ್ಲಿದ್ದ. ಆ ತರುಣನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರ ಬದುಕಿನ ಕಥೆಯನ್ನು ಇಂದು ತಿಳಿಯೋಣ.

ಲಾಹೋರಿನಿಂದ ಮದರಾಸಿಗೆ

ಚಂದ್ರಶೇಖರ್ 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಹುಟ್ಟಿದರು. ಆಗ ಆ ನಗರ ಅವಿಭಜಿತ ಭಾರತದಲ್ಲಿತ್ತು, ಈಗ ಪಾಕಿಸ್ತಾನದಲ್ಲಿದೆ. ತಂದೆ ಸಿ. ಸುಬ್ರಹ್ಮಣ್ಯ ಅಯ್ಯರ್ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಅಧಿಕಾರಿ. ತಾಯಿ ಸೀತಾಲಕ್ಷ್ಮಿ. ಹತ್ತು ಮಕ್ಕಳಲ್ಲಿ ಚಂದ್ರಶೇಖರ್ ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ತಂದೆಯ ತಮ್ಮ ಯಾರು ಗೊತ್ತೇ? ಬೆಳಕಿನ ಚದುರುವಿಕೆಯ ಬಗ್ಗೆ ಸಂಶೋಧನೆ ನಡೆಸಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ.ವಿ. ರಾಮನ್! ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಅಲ್ಲಿ ಸಂಶೋಧನಾಲಯ ಕಟ್ಟಿದ ರಾಮನ್, ಚಂದ್ರಶೇಖರರಿಗೆ ಚಿಕ್ಕಪ್ಪ.

ಸುಮಾರು ಹನ್ನೆರಡು ವರ್ಷದವರೆಗೆ ಚಂದ್ರಶೇಖರ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲೇ ಪಾಠ. ತಂದೆ ಲೆಕ್ಕ ಮತ್ತು ಇಂಗ್ಲಿಷ್ ಕಲಿಸಿದರು. ತಾಯಿ ತಮಿಳು ಕಲಿಸಿದರು. ತಾಯಿಗೆ ಓದಿನಲ್ಲಿ ಬಹಳ ಆಸಕ್ತಿ. ನಾರ್ವೆಯ ನಾಟಕಕಾರ ಇಬ್ಸನ್ನರ ಒಂದು ನಾಟಕವನ್ನು ಅವರು ತಮಿಳಿಗೆ ಅನುವಾದಿಸಿದ್ದರು. 1920ರಲ್ಲಿ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಗನಿಗೆ ತಿಳಿಸಿದವರೂ ತಾಯಿಯೇ. ಆಗ ಬಾಲಕನಿಗೆ ಒಂಬತ್ತು ವರ್ಷ. ಆ ಹೆಸರು ಅವನ ಮನಸ್ಸಿನಲ್ಲಿ ಅಚ್ಚೊತ್ತಿತು. ನಮ್ಮ ದೇಶದ ಒಬ್ಬರು ಗಣಿತದಲ್ಲಿ ಜಗತ್ತೇ ಬೆರಗಾಗುವಂಥ ಕೆಲಸ ಮಾಡಬಹುದು ಎಂಬುದು ಅವನಿಗೆ ಆಗಲೇ ತಿಳಿಯಿತು.

1918ರಲ್ಲಿ ಕುಟುಂಬ ಮದರಾಸಿಗೆ ಬಂದಿತ್ತು. ಇಂದಿನ ಚೆನ್ನೈಯೇ ಆ ಮದರಾಸು. ಅಲ್ಲಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಓದು, ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ. ಕಾಲೇಜಿನಲ್ಲಿ ಒಂದು ಪ್ರಬಂಧ ಸ್ಪರ್ಧೆ ಗೆದ್ದಾಗ ಅವರಿಗೆ ಬಹುಮಾನವಾಗಿ ಬಂದದ್ದು ನಕ್ಷತ್ರಗಳ ಒಳರಚನೆಯನ್ನು ವಿವರಿಸುವ ಒಂದು ದಪ್ಪ ಪುಸ್ತಕ. ಬರೆದವರು ಇಂಗ್ಲೆಂಡಿನ ಆರ್ಥರ್ ಎಡಿಂಗ್ಟನ್. ಆ ಕಾಲದ ಅತಿ ದೊಡ್ಡ ಖಗೋಳ ವಿಜ್ಞಾನಿ ಅವರು. ಈ ಹೆಸರನ್ನು ನೆನಪಿಡಿ. ಕಥೆಯಲ್ಲಿ ಮತ್ತೆ ಬರುತ್ತದೆ.

ಓದು ಮುಗಿಯುವ ಮೊದಲೇ ಚಂದ್ರಶೇಖರರ ಸಂಶೋಧನಾ ಲೇಖನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂಬ್ರಿಜ್‌ನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಆದರೆ ಮನೆಯಲ್ಲಿ ಚಿಂತೆ. ತಾಯಿಗೆ ತೀವ್ರ ಕಾಯಿಲೆ. ಇಂಥ ಹೊತ್ತಿನಲ್ಲಿ ದೂರದೇಶಕ್ಕೆ ಹೋಗುವುದು ಹೇಗೆ? ಹೋಗಲೇಬೇಕೆಂದು ಹಟ ಹಿಡಿದವರು ಹಾಸಿಗೆ ಹಿಡಿದಿದ್ದ ಆ ತಾಯಿಯೇ. ಮಗ ಹೊರಟ. ಮರುವರ್ಷ, ಅಂದರೆ 1931ರ ಮೇ ತಿಂಗಳಲ್ಲಿ, ತಾಯಿ ತೀರಿಕೊಂಡರು. ಮಗ ಆಗ ಸಾವಿರಾರು ಮೈಲಿ ದೂರದಲ್ಲಿದ್ದ.

ನಕ್ಷತ್ರದೊಳಗಿನ ಹಗ್ಗಜಗ್ಗಾಟ

ಹಡಗು ಹತ್ತುವ ಮೊದಲು ನಕ್ಷತ್ರದ ಬಗ್ಗೆ ಸ್ವಲ್ಪ ತಿಳಿಯೋಣ.

ಚೆಂಡನ್ನು ಮೇಲಕ್ಕೆ ಎಸೆದರೆ ಕೆಳಗೆ ಬೀಳುತ್ತದೆ. ಭೂಮಿಯ ಗುರುತ್ವ ಅದನ್ನು ಎಳೆಯುತ್ತದೆ ಅಲ್ಲವೇ? ನಕ್ಷತ್ರದಲ್ಲೂ ಹೀಗೆಯೇ. ಅದರ ಪ್ರತಿಯೊಂದು ಭಾಗವನ್ನೂ ಗುರುತ್ವ ಕೇಂದ್ರದ ಕಡೆಗೆ ಎಳೆಯುತ್ತಿರುತ್ತದೆ. ಹಾಗಿದ್ದರೆ ಸೂರ್ಯ ಕುಸಿದು ಹೋಗಬೇಕಿತ್ತಲ್ಲ? ಏಕೆ ಕುಸಿಯುತ್ತಿಲ್ಲ?

ಸೂರ್ಯನ ನಡುಭಾಗದಲ್ಲಿ ಸುಮಾರು 1.5 ಕೋಟಿ ಡಿಗ್ರಿ ಉಷ್ಣತೆಯಿದೆ. ಅಲ್ಲಿ ಹೈಡ್ರೋಜನ್ ಬೀಜಗಳು ಬೆಸೆದು ಹೀಲಿಯಂ ಆಗುತ್ತವೆ. ಆಗ ಅಪಾರ ಶಕ್ತಿ ಹೊರಬೀಳುತ್ತದೆ. ಕಾದ ಅನಿಲ ಹೊರಕ್ಕೆ ಒತ್ತುತ್ತದೆ. ಗುರುತ್ವ ಒಳಕ್ಕೆ ಎಳೆಯುತ್ತದೆ. ಎರಡೂ ತಂಡಗಳಿಗೆ ಸಮಬಲ. ಹಗ್ಗ ಅತ್ತಿತ್ತ ಸರಿಯುವುದಿಲ್ಲ. ಸೂರ್ಯ ಹೀಗೆ ಸುಮಾರು 460 ಕೋಟಿ ವರ್ಷಗಳಿಂದ ನಿಂತಿದ್ದಾನೆ. ಇನ್ನೂ ಸುಮಾರು 500 ಕೋಟಿ ವರ್ಷ ನಿಲ್ಲುತ್ತಾನೆ.

ಇಂಧನ ಮುಗಿದ ಮೇಲೆ? ಹೊರಕ್ಕೆ ಒತ್ತುವ ತಂಡ ಸೋಲುತ್ತದೆ. ನಕ್ಷತ್ರ ಕುಗ್ಗತೊಡಗುತ್ತದೆ. ಹಾಗಾದರೆ ಲುಬ್ಧಕದ ಜೊತೆಗಾರ ಭೂಮಿಯ ಗಾತ್ರಕ್ಕೆ ಬಂದು ಏಕೆ ನಿಂತ? ಇನ್ನೂ ಏಕೆ ಕುಗ್ಗಲಿಲ್ಲ?

1926ರಲ್ಲಿ ಕೇಂಬ್ರಿಜ್‌ನ ರಾಲ್ಫ್ ಫೌಲರ್ ಇದಕ್ಕೆ ಉತ್ತರ ಕೊಟ್ಟರು. ಅವರ ಉತ್ತರವನ್ನು ಒಂದು ಹೋಲಿಕೆಯಿಂದ ನೋಡೋಣ. ಕಬಡ್ಡಿ ಪಂದ್ಯ ನೋಡಲು ಮೆಟ್ಟಿಲು ಮೆಟ್ಟಿಲಾದ ಕಟ್ಟೆ ಇದೆ ಎಂದುಕೊಳ್ಳಿ. ಒಂದು ಜಾಗದಲ್ಲಿ ಒಬ್ಬರೇ ಕೂರಬೇಕು. ಕೆಳಗಿನ ಮೆಟ್ಟಿಲು ತುಂಬಿದರೆ ಆಮೇಲೆ ಬಂದವರು ಮೇಲಿನ ಮೆಟ್ಟಿಲಿಗೇ ಹೋಗಬೇಕು. ಬೇರೆ ದಾರಿಯಿಲ್ಲ. ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳಿಗೂ ಇಂಥದೇ ನಿಯಮವಿದೆ. ಅಲ್ಲಿ ಮೇಲಿನ ಮೆಟ್ಟಿಲು ಎಂದರೆ ಹೆಚ್ಚು ವೇಗ. ನಕ್ಷತ್ರ ಕುಗ್ಗಿ ಎಲೆಕ್ಟ್ರಾನುಗಳು ಒತ್ತೊತ್ತಾದಾಗ ಅವು ಹೆಚ್ಚು ಹೆಚ್ಚು ವೇಗದಿಂದ ಓಡಲೇಬೇಕಾಗುತ್ತದೆ. ಆ ಓಟವೇ ಹೊರಕ್ಕೆ ಒತ್ತುತ್ತದೆ. ಇದಕ್ಕೆ ಬೆಂಕಿ ಬೇಡ, ಶಾಖ ಬೇಡ. ನಕ್ಷತ್ರ ತಣ್ಣಗಾದರೂ ಈ ಒತ್ತಡ ಇದ್ದೇ ಇರುತ್ತದೆ.

ವಿಜ್ಞಾನಿಗಳಿಗೆ ಸಮಾಧಾನವಾಯಿತು. ಚಿಕ್ಕದಿರಲಿ ದೊಡ್ಡದಿರಲಿ, ಎಲ್ಲ ನಕ್ಷತ್ರಗಳೂ ಕೊನೆಗೆ ಶ್ವೇತಕುಬ್ಜಗಳಾಗಿ ನೆಮ್ಮದಿಯಿಂದ ತಣ್ಣಗಾಗುತ್ತವೆ ಎಂದು ನಂಬಿದರು.

ಸಮುದ್ರದ ಮೇಲೆ

1930ರ ಜುಲೈ 31ರಂದು ಚಂದ್ರಶೇಖರ್ ಮುಂಬಯಿಯಲ್ಲಿ ಪಿಲ್ಸ್ನಾ ಎಂಬ ಹಡಗು ಹತ್ತಿದರು. ಅದು ಇಟಲಿಯ ವೆನಿಸ್‌ಗೆ ಹೋಗುವ ಹಡಗು. ಅದು ಮಳೆಗಾಲ. ಮೊದಲ ಕೆಲವು ದಿನ ಅರಬ್ಬೀ ಸಮುದ್ರ ಅಲ್ಲೋಲಕಲ್ಲೋಲವಾಗಿತ್ತು. ಸಮುದ್ರ ಶಾಂತವಾದ ಮೇಲೆ ಅವರು ಕಾಗದ ಪೆನ್ನು ಹಿಡಿದು ಕುಳಿತರು.

ಕೇಂಬ್ರಿಜ್‌ನಲ್ಲಿ ಅವರು ಕಲಿಯಬೇಕಾಗಿದ್ದದ್ದು ಫೌಲರ್ ಅವರ ಬಳಿಯೇ. ಗುರುಗಳ ಸಿದ್ಧಾಂತವನ್ನು ಮೊದಲೇ ಓದಿಕೊಂಡಿದ್ದ ಶಿಷ್ಯನಿಗೆ ಒಂದು ಸರಳ ಪ್ರಶ್ನೆ ಎದ್ದಿತು. ಭಾರವಾದ ಶ್ವೇತಕುಬ್ಜದ ನಡುವೆ ಎಲೆಕ್ಟ್ರಾನುಗಳು ಎಷ್ಟು ವೇಗದಿಂದ ಓಡುತ್ತಿರಬೇಕು?

ಲೆಕ್ಕ ಹಾಕಿದರು. ಆ ವೇಗ ಬೆಳಕಿನ ವೇಗಕ್ಕೆ ಹೋಲಿಸುವಷ್ಟು ಹೆಚ್ಚಾಗಿತ್ತು! ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅದನ್ನು ಯಾವ ವಸ್ತುವೂ ಮೀರಲಾರದು ಎಂದು ಐನ್‌ಸ್ಟೈನ್ 1905ರಲ್ಲೇ ತೋರಿಸಿದ್ದರು. ಫೌಲರ್ ತಮ್ಮ ಲೆಕ್ಕದಲ್ಲಿ ಇದನ್ನು ಸೇರಿಸಿರಲಿಲ್ಲ.

ಚಂದ್ರಶೇಖರ್ ಸೇರಿಸಿದರು. ಉತ್ತರ ಬದಲಾಯಿತು. ಕಬಡ್ಡಿ ಕಟ್ಟೆಯನ್ನು ನೆನಪಿಸಿಕೊಳ್ಳಿ. ಮೆಟ್ಟಿಲು ಏರುತ್ತಾ ಹೋದರೆ ಎಷ್ಟು ಬೇಕಾದರೂ ವೇಗ ಹೆಚ್ಚಬಹುದು ಎಂದು ಎಲ್ಲರೂ ಎಣಿಸಿದ್ದರು. ಆದರೆ ವೇಗಕ್ಕೆ ಒಂದು ಚಾವಣಿ ಇದೆ; ಅದು ಬೆಳಕಿನ ವೇಗ. ನಕ್ಷತ್ರ ಭಾರವಾದಷ್ಟೂ ಗುರುತ್ವದ ಎಳೆತ ಹೆಚ್ಚುತ್ತದೆ. ಆದರೆ ಚಾವಣಿಯ ಹತ್ತಿರ ಬಂದ ಎಲೆಕ್ಟ್ರಾನುಗಳು ಅದಕ್ಕೆ ತಕ್ಕಷ್ಟು ಒತ್ತಡ ಕೊಡಲಾರವು. ಒಂದು ಗೆರೆ ದಾಟಿದ ಮೇಲೆ ಗುರುತ್ವವೇ ಗೆಲ್ಲುತ್ತದೆ. ಅಷ್ಟು ಭಾರದ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು.

ಈ ಗೆರೆ ಎಲ್ಲಿದೆ? ಮುಂದಿನ ನಿಖರ ಲೆಕ್ಕಗಳ ಪ್ರಕಾರ ಅದು ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟು. ಇಂದು ಇದನ್ನು ಚಂದ್ರಶೇಖರ್ ಮಿತಿ ಎಂದು ಕರೆಯುತ್ತಾರೆ.

ಇಂಗ್ಲೆಂಡ್ ತಲುಪಿ ಲೆಕ್ಕವನ್ನು ತೋರಿಸಿದಾಗ ಹಿರಿಯರು ಅಷ್ಟೇನೂ ಉತ್ಸಾಹ ತೋರಲಿಲ್ಲ. ಆ ಪುಟ್ಟ ಲೇಖನ 1931ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹೆಚ್ಚು ಜನ ಅದರತ್ತ ಗಮನ ಕೊಡಲಿಲ್ಲ.

1935ರ ಜನವರಿ 11

ಚಂದ್ರಶೇಖರ್ 1933ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಫೆಲೋ ಆದರು. ಆಮೇಲೆ ಹಳೆಯ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡು, ಎಲ್ಲಿಯೂ ಅಂದಾಜಿಗೆ ಎಡೆಯಿಲ್ಲದಂತೆ ಪೂರ್ತಿಯಾಗಿ ಮಾಡಿದರು.

ಆ ದಿನಗಳಲ್ಲಿ ಅವರ ಕೋಣೆಗೆ ಆಗಾಗ ಬಂದು ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದವರು ಯಾರು ಗೊತ್ತೇ? ಬಹುಮಾನದ ಪುಸ್ತಕ ಬರೆದಿದ್ದ ಅದೇ ಎಡಿಂಗ್ಟನ್! ಲೆಕ್ಕ ಬೇಗ ಮುಗಿಯಲೆಂದು ಅವರೇ ಒಂದು ಗಣನಾ ಯಂತ್ರವನ್ನೂ ದೊರಕಿಸಿಕೊಟ್ಟರು. ಕಾಲೇಜು ದಿನಗಳಿಂದ ಮೆಚ್ಚಿದ್ದ ವಿಜ್ಞಾನಿ ಹೀಗೆ ಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ 24ರ ತರುಣನಿಗೆ ಎಷ್ಟು ಸಂತೋಷವಾಗಿರಬೇಡ!

1935ರ ಜನವರಿ 11ರಂದು ಲಂಡನ್ನಿನಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆ. ಚಂದ್ರಶೇಖರ್ ತಮ್ಮ ಫಲಿತಾಂಶವನ್ನು ವಿವರಿಸಿ ಕುಳಿತರು. ಅವರ ಬೆನ್ನಿಗೇ ಎಡಿಂಗ್ಟನ್ ಎದ್ದರು. ಆ ಲೆಕ್ಕದ ಬುಡವೇ ಸರಿಯಿಲ್ಲ ಎಂದರು. ಭಾರದ ನಕ್ಷತ್ರ ಕುಗ್ಗುತ್ತಾ ಕುಗ್ಗುತ್ತಾ ಕೆಲವೇ ಕಿಲೋಮೀಟರ್ ಗಾತ್ರಕ್ಕೆ ಇಳಿದು, ಬೆಳಕನ್ನೂ ಹೊರಬಿಡದಷ್ಟು ಬಲವಾದ ಗುರುತ್ವ ಪಡೆಯಬೇಕಾಗುತ್ತದೆ ಎಂದು ಅವರೇ ವಿವರಿಸಿದರು. ನಕ್ಷತ್ರ ಇಷ್ಟು ಅಸಂಬದ್ಧವಾಗಿ ವರ್ತಿಸದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕು ಎಂಬುದು ಅವರ ವಾದ. ಸಭೆಯಲ್ಲಿ ನಗು ಎದ್ದಿತು.

ಮಕ್ಕಳೇ, ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಎಡಿಂಗ್ಟನ್ ಅಂದು ತಮಾಷೆ ಮಾಡಿ ತಳ್ಳಿಹಾಕಿದ ಆ ವಸ್ತುವೇ ಕಪ್ಪು ಕುಳಿ! ಲೆಕ್ಕ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಅವರು ಸ್ಪಷ್ಟವಾಗಿ ಕಂಡಿದ್ದರು. ಆದರೆ ನಂಬಲು ಸಿದ್ಧರಿರಲಿಲ್ಲ.

ನೀಲ್ಸ್ ಬೋರ್, ವೋಲ್ಫ್‌ಗಾಂಗ್ ಪೌಲಿಯಂಥ ಭೌತವಿಜ್ಞಾನಿಗಳಿಗೆ ಚಂದ್ರಶೇಖರರ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೆ ಎಡಿಂಗ್ಟನ್ ವಿರುದ್ಧ ಬಹಿರಂಗವಾಗಿ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂಬಂತಾಯಿತು.

ಗೆರೆಯ ಆಚೆ ಏನಿದೆ?

ಗೆರೆ ದಾಟಿದ ನಕ್ಷತ್ರ ಏನಾಗುತ್ತದೆ? ಹಡಗಿನ ಲೆಕ್ಕ ಇದನ್ನು ಹೇಳಲಿಲ್ಲ. ಅದು ಶ್ವೇತಕುಬ್ಜವಾಗದು ಎಂದಷ್ಟೇ ಹೇಳಿತು. ಮುಂದಿನದನ್ನು ಬೇರೆಯವರು ಹಂತಹಂತವಾಗಿ ಕಂಡುಕೊಂಡರು. ಇಂದು ನಮಗೆ ತಿಳಿದಿರುವುದು ಇಷ್ಟು.

ಸೂರ್ಯನಂಥ ನಕ್ಷತ್ರ ಕೊನೆಗಾಲದಲ್ಲಿ ಉಬ್ಬಿ ಕೆಂಪುದೈತ್ಯವಾಗುತ್ತದೆ. ಹೊರಪದರಗಳನ್ನು ಕಳಚಿಕೊಂಡು ಒಳಗಿನ ತಿರುಳು ಶ್ವೇತಕುಬ್ಜವಾಗಿ ಉಳಿಯುತ್ತದೆ. ಹಾಗಾಗಿ ನಮ್ಮ ಸೂರ್ಯ ಎಂದೂ ಕಪ್ಪು ಕುಳಿಯಾಗುವುದಿಲ್ಲ.

ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರದ ಕಥೆ ಬೇರೆ. ಅದರ ತಿರುಳಿನಲ್ಲಿ ಹೈಡ್ರೋಜನ್ ಹೀಲಿಯಂ ಆಗುತ್ತದೆ, ಹೀಲಿಯಂ ಕಾರ್ಬನ್ ಆಗುತ್ತದೆ. ಹೀಗೆ ಸಾಗಿ ಕೊನೆಗೆ ಕಬ್ಬಿಣ ಬರುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ. ಒಲೆ ಆರಿತು! ಕಬ್ಬಿಣದ ತಿರುಳು ಬೆಳೆಯುತ್ತಾ ಚಂದ್ರಶೇಖರ್ ಮಿತಿಯನ್ನು ಮುಟ್ಟಿದ ಕೂಡಲೇ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಕುಸಿಯುತ್ತದೆ. ಹೊರಭಾಗ ಭೀಕರವಾಗಿ ಸಿಡಿಯುತ್ತದೆ. ಇದೇ ಸೂಪರ್‌ನೋವಾ.

ಕುಸಿದ ತಿರುಳಿನಲ್ಲಿ ಎಲೆಕ್ಟ್ರಾನು ಪ್ರೋಟಾನುಗಳು ಸೇರಿ ನ್ಯೂಟ್ರಾನುಗಳಾಗುತ್ತವೆ. ಅವು ಎದುರೊತ್ತಿ ನಿಂತರೆ ಸುಮಾರು 20 ಕಿ.ಮೀ. ಅಗಲದ ನ್ಯೂಟ್ರಾನ್ ನಕ್ಷತ್ರ ಉಳಿಯುತ್ತದೆ. ಇದಕ್ಕೂ ಒಂದು ಮಿತಿಯಿದೆ. ಉಳಿದ ತಿರುಳು ಸೂರ್ಯನ ಸುಮಾರು ಎರಡರಿಂದ ಮೂರು ಪಟ್ಟಿಗಿಂತ ಹೆಚ್ಚು ಭಾರವಿದ್ದರೆ ನ್ಯೂಟ್ರಾನುಗಳೂ ಸೋಲುತ್ತವೆ. ಆಮೇಲೆ ತಡೆಯುವವರೇ ಇಲ್ಲ. ಅದೇ ಕಪ್ಪು ಕುಳಿ. ಕೃಷ್ಣರಂಧ್ರ ಎಂದೂ ಇದನ್ನು ಕರೆಯುತ್ತಾರೆ.

ಕಪ್ಪು ಏಕೆ? ಭೂಮಿಯ ಎಳೆತದಿಂದ ಪೂರ್ತಿ ಬಿಡಿಸಿಕೊಂಡು ಹೋಗಲು ಒಂದು ವಸ್ತುವನ್ನು ಸೆಕೆಂಡಿಗೆ 11.2 ಕಿ.ಮೀ. ವೇಗದಿಂದ ಎಸೆಯಬೇಕು. ಸೂರ್ಯನ ಮೇಲಿಂದಾದರೆ ಸುಮಾರು 618 ಕಿ.ಮೀ. ಸೂರ್ಯನನ್ನು ಸುಮಾರು 3 ಕಿ.ಮೀ. ತ್ರಿಜ್ಯದ ಗೋಳವಾಗಿ ಅಮುಕಿದರೆ? ಆಗ ಬೆಳಕಿನ ವೇಗವೂ ಸಾಲದು! ಬೆಳಕೇ ಹೊರಬರಲಾರದ ಮೇಲೆ ಅದು ನಮಗೆ ಕಾಣುವುದಾದರೂ ಹೇಗೆ? ಹಾಗಾಗಿಯೇ ಅದು ಕಪ್ಪು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಬಿಡೋಣ. ಕಪ್ಪು ಕುಳಿ ಸುತ್ತಲಿನ ಎಲ್ಲವನ್ನೂ ಹೀರಿಕೊಳ್ಳುತ್ತಾ ಅಲೆಯುವ ರಾಕ್ಷಸನಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪು ಕುಳಿ ಇಟ್ಟರೆ ನಮಗೆ ಬೆಳಕು ಇರುವುದಿಲ್ಲ, ಚಳಿ ತಡೆಯಲಾಗದು. ಆದರೆ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ದೂರದಿಂದ ನೋಡಿದರೆ ಎಳೆತ ಎರಡಕ್ಕೂ ಒಂದೇ.

ಜಗಳವಿಲ್ಲದ ಉತ್ತರ

ನಗೆಪಾಟಲಾದ ಮೇಲೆ ಚಂದ್ರಶೇಖರ್ ಏನು ಮಾಡಿದರು? ತಮ್ಮ ಲೆಕ್ಕ ಸರಿ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಬದುಕೆಲ್ಲ ಇದೇ ವಾದದಲ್ಲಿ ಕಳೆಯಲು ಅವರಿಗೆ ಇಷ್ಟವಿರಲಿಲ್ಲ. ನಕ್ಷತ್ರಗಳ ರಚನೆಯ ಬಗ್ಗೆ ತಾವು ಕಂಡುಕೊಂಡದ್ದನ್ನೆಲ್ಲ 1939ರಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಬೇರೆ ವಿಷಯಕ್ಕೆ ಹೊರಳಿದರು.

ಅದೇ 1939ರಲ್ಲಿ ಅಮೆರಿಕದ ರಾಬರ್ಟ್ ಓಪನ್‌ಹೈಮರ್ ಮತ್ತು ಹಾರ್ಟ್‌ಲ್ಯಾಂಡ್ ಸ್ನೈಡರ್ ಭಾರದ ನಕ್ಷತ್ರ ಕುಸಿಯುತ್ತಲೇ ಹೋಗಿ ಹೊರಲೋಕಕ್ಕೆ ಕಾಣದಂತಾಗಬಹುದೆಂದು ಲೆಕ್ಕದಿಂದ ತೋರಿಸಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. ಈ ವಿಷಯ ಹಲವು ವರ್ಷ ಮೂಲೆಗೆ ಬಿತ್ತು.

ಈ ನಡುವೆ 1936ರಲ್ಲಿ ಚಂದ್ರಶೇಖರ್ ತಮ್ಮ ಕಾಲೇಜಿನಲ್ಲೇ ಭೌತವಿಜ್ಞಾನ ಓದಿದ್ದ ಲಲಿತಾ ಅವರನ್ನು ಮದುವೆಯಾದರು. 1937ರಲ್ಲಿ ಇಬ್ಬರೂ ಅಮೆರಿಕ ಸೇರಿದರು. ಅಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯರ್ಕಿಸ್ ವೀಕ್ಷಣಾಲಯದಲ್ಲಿ ಕೆಲಸ. ಮೈಬಣ್ಣದ ಕಾರಣಕ್ಕೆ ಅವರು ಪಾಠ ಮಾಡುವುದನ್ನು ವಿಶ್ವವಿದ್ಯಾಲಯದ ಒಬ್ಬ ಹಿರಿಯರು ವಿರೋಧಿಸಿದ್ದೂ ಉಂಟು. ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಆ ವಿರೋಧಕ್ಕೆ ಸೊಪ್ಪು ಹಾಕಲಿಲ್ಲ. ಚಂದ್ರಶೇಖರ್ ಪಾಠ ಮಾಡಿದರು. ಕೊನೆಯವರೆಗೂ ಅದೇ ವಿಶ್ವವಿದ್ಯಾಲಯದಲ್ಲಿ ಉಳಿದರು.

ಅವರ ಕೆಲಸದ ಕ್ರಮ ವಿಶಿಷ್ಟವಾಗಿತ್ತು. ಒಂದು ವಿಷಯ ಹಿಡಿದರೆ ಹಲವು ವರ್ಷ ಅದರಲ್ಲೇ ಮುಳುಗುವುದು. ಪೂರ್ತಿ ಅರಿತ ಮೇಲೆ ಒಂದು ಪುಸ್ತಕ ಬರೆಯುವುದು. ಆಮೇಲೆ ಹೊಸ ವಿಷಯದಲ್ಲಿ ಮೊದಲಿನಿಂದ ವಿದ್ಯಾರ್ಥಿಯಾಗುವುದು! 1952ರಿಂದ 1971ರವರೆಗೆ ಆಸ್ಟ್ರೋಫಿಸಿಕಲ್ ಜರ್ನಲ್ ಎಂಬ ಪತ್ರಿಕೆಯ ಸಂಪಾದಕರೂ ಆಗಿದ್ದರು. 1931ರಲ್ಲಿ ಅವರ ಪುಟ್ಟ ಲೇಖನ ಅಚ್ಚಾಗಿದ್ದದ್ದು ಇದೇ ಪತ್ರಿಕೆಯಲ್ಲಿ.

ಎಡಿಂಗ್ಟನ್ ಜೊತೆ ಅವರ ಸಂಬಂಧ ಹೇಗಿತ್ತು? ನಿಮಗೆ ಆಶ್ಚರ್ಯವಾಗಬಹುದು. ಸ್ನೇಹ ಮುರಿಯಲಿಲ್ಲ. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ ಚಂದ್ರಶೇಖರ್ ಗೌರವದಿಂದ ಅವರನ್ನು ನೆನೆದು ಬರೆದರು. ಮುಂದೆ ಎಡಿಂಗ್ಟನ್ ಕುರಿತು ಉಪನ್ಯಾಸಗಳನ್ನು ಕೊಟ್ಟು ಅದನ್ನು ಪುಸ್ತಕವಾಗಿಯೂ ತಂದರು. ಲೆಕ್ಕದಲ್ಲಿ ಒಪ್ಪದಿರುವುದು ಬೇರೆ, ವ್ಯಕ್ತಿಯನ್ನು ದ್ವೇಷಿಸುವುದು ಬೇರೆ ಎಂಬುದನ್ನು ಬದುಕಿ ತೋರಿಸಿದರು.

ಆಕಾಶ ಹೇಳಿದ ಸಾಕ್ಷಿ

ವಿಜ್ಞಾನದಲ್ಲಿ ಕೊನೆಯ ತೀರ್ಪು ಯಾರದು? ದೊಡ್ಡವರದಲ್ಲ, ಹೆಚ್ಚು ಜನರದೂ ಅಲ್ಲ. ಪ್ರಕೃತಿಯದು. ಆ ತೀರ್ಪು ತಡವಾಗಿ ಬಂತು, ಆದರೆ ಬಂತು.

1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಆಕಾಶದಿಂದ ಗಡಿಯಾರದಂತೆ ಮಿಡಿಯುವ ರೇಡಿಯೊ ಅಲೆಗಳನ್ನು ಪತ್ತೆ ಹಚ್ಚಿದರು. ಅವು ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರದಿಂದ ಬರುತ್ತಿದ್ದವು. ಶ್ವೇತಕುಬ್ಜಕ್ಕಿಂತ ಮುಂದೆ ಕುಸಿದ ನಕ್ಷತ್ರಗಳು ನಿಜವಾಗಿಯೂ ಇವೆ ಎಂದಾಯಿತು.

ರಾಜಹಂಸ ಪುಂಜದಲ್ಲಿ ಸಿಗ್ನಸ್ ಎಕ್ಸ್-1 ಎಂಬ ಜಾಗದಿಂದ ಎಕ್ಸ್-ಕಿರಣಗಳು ಬರುತ್ತಿದ್ದವು. ಅಲ್ಲೊಂದು ದೊಡ್ಡ ನಕ್ಷತ್ರ ಕಣ್ಣಿಗೆ ಕಾಣದ ಯಾವುದನ್ನೋ ಸುತ್ತುತ್ತಿದೆ ಎಂದು 1971ರಲ್ಲಿ ತಿಳಿಯಿತು. ಆ ಕಾಣದ ವಸ್ತುವಿನ ದ್ರವ್ಯರಾಶಿ ಸೂರ್ಯನ ಸುಮಾರು 21 ಪಟ್ಟು ಎಂದು ಈಚಿನ ಅಳತೆ ಹೇಳುತ್ತದೆ. ಅದು ಕಪ್ಪು ಕುಳಿ. ನಕ್ಷತ್ರದಿಂದ ಅದರ ಕಡೆಗೆ ಸುರಿಯುವ ಅನಿಲ ವಿಪರೀತ ಕಾದು, ಒಳಗೆ ಬೀಳುವ ಮೊದಲು ಎಕ್ಸ್-ಕಿರಣ ಸೂಸುತ್ತದೆ. ಕಪ್ಪು ಕುಳಿ ಕಾಣದು. ಅದರ ಬಾಗಿಲಿನ ಗದ್ದಲ ಕಾಣುತ್ತದೆ!

ಇತ್ತ ಚಂದ್ರಶೇಖರ್ ತಮ್ಮ ಅರವತ್ತರ ಪ್ರಾಯ ದಾಟಿದ ಮೇಲೆ ಕಪ್ಪು ಕುಳಿಗಳ ಗಣಿತಕ್ಕೇ ಮರಳಿದರು. ಹಲವು ವರ್ಷ ದುಡಿದು 1983ರಲ್ಲಿ ಆ ಬಗ್ಗೆ ಬೃಹತ್ ಗ್ರಂಥ ಪ್ರಕಟಿಸಿದರು. ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವಿಲಿಯಂ ಫೌಲರ್ ಎಂಬ ಅಮೆರಿಕದ ವಿಜ್ಞಾನಿಯೊಂದಿಗೆ ಅದನ್ನು ಹಂಚಿಕೊಂಡರು. ಇವರು ಕೇಂಬ್ರಿಜ್‌ನ ಗುರು ಫೌಲರ್ ಅಲ್ಲ, ಬೇರೆಯವರು. ಹಡಗಿನಲ್ಲಿ ಲೆಕ್ಕ ಮಾಡಿದಾಗ 19 ವರ್ಷ; ಪ್ರಶಸ್ತಿ ಬಂದಾಗ 73. ನಡುವೆ 53 ವರ್ಷಗಳು!

1995ರ ಆಗಸ್ಟ್ 21ರಂದು ಷಿಕಾಗೊದಲ್ಲಿ ಚಂದ್ರಶೇಖರ್ ನಿಧನರಾದರು.

ಅವರು ಕಾಣದೇ ಹೋದದ್ದನ್ನು ನಾವು ಕಂಡಿದ್ದೇವೆ. 2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪು ಕುಳಿಗಳು ಡಿಕ್ಕಿ ಹೊಡೆದಾಗ ಎದ್ದ ಗುರುತ್ವ ಅಲೆಯನ್ನು ಅಮೆರಿಕದ ಲೈಗೊ ಉಪಕರಣಗಳು ಗುರುತಿಸಿದವು. 2019ರ ಏಪ್ರಿಲ್ 10ರಂದು ಎಂ-87 ಎಂಬ ಗೆಲಾಕ್ಸಿಯ ನಡುವಿನ ಕಪ್ಪು ಕುಳಿಯ ಚಿತ್ರ ಬಿಡುಗಡೆಯಾಯಿತು. ಉರಿಯುವ ಉಂಗುರದ ನಡುವೆ ಕಪ್ಪು ನೆರಳು. ಅದು ಸೂರ್ಯನ 650 ಕೋಟಿ ಪಟ್ಟು ಭಾರ! 2022ರಲ್ಲಿ ನಮ್ಮ ಆಕಾಶಗಂಗೆಯ ನಡುವಿನ ಕಪ್ಪು ಕುಳಿಯ ಚಿತ್ರವೂ ಬಂತು. ಇಂಥ ಬೃಹತ್ ಕಪ್ಪು ಕುಳಿಗಳು ಒಂದೇ ನಕ್ಷತ್ರದಿಂದ ಆದವಲ್ಲ. ಅವು ಮೊದಲು ಹೇಗೆ ಹುಟ್ಟಿದವು ಎಂಬುದನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ನಿಮಗೂ ಕೆಲಸ ಉಳಿದಿದೆ!

1999ರ ಜುಲೈ 23ರಂದು ಅಮೆರಿಕವು ಎಕ್ಸ್-ಕಿರಣ ನೋಡುವ ಒಂದು ದೊಡ್ಡ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಅದಕ್ಕೆ ಹೆಸರು ಸೂಚಿಸಲು ಸ್ಪರ್ಧೆ ಏರ್ಪಡಿಸಿದ್ದರು. ಗೆದ್ದವರು ಒಬ್ಬ ಪ್ರೌಢಶಾಲಾ ವಿದ್ಯಾರ್ಥಿ ಮತ್ತು ಒಬ್ಬ ಶಿಕ್ಷಕಿ. ಇಬ್ಬರೂ ಸೂಚಿಸಿದ ಹೆಸರು ಒಂದೇ: ಚಂದ್ರ. ಸ್ನೇಹಿತರು ಚಂದ್ರಶೇಖರರನ್ನು ಕರೆಯುತ್ತಿದ್ದದ್ದು ಹಾಗೆಯೇ.

ನಮ್ಮ ದೇಶವೂ 2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಕಪ್ಪು ಕುಳಿಗಳ ಸುತ್ತಲಿಂದ ಬರುವ ಎಕ್ಸ್-ಕಿರಣಗಳನ್ನು ಅಭ್ಯಸಿಸುವುದು ಅದರ ಕೆಲಸಗಳಲ್ಲಿ ಒಂದು. ಅದರ ಮುಖ್ಯ ಉಪಕರಣ ರೂಪುಗೊಂಡದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಚಿಕ್ಕಪ್ಪ ಕಟ್ಟಿದ ಸಂಸ್ಥೆಯ ಉಪಕರಣ, ಮಗನಂಥ ಹುಡುಗ ತೋರಿಸಿದ ದಾರಿಯಲ್ಲೇ ಹೊರಟಿತು.

ಮಕ್ಕಳೇ, ನಿಮ್ಮ ಲೆಕ್ಕದ ಉತ್ತರ ತರಗತಿಯಲ್ಲಿ ಎಲ್ಲರ ಉತ್ತರಕ್ಕಿಂತ ಬೇರೆ ಬಂದರೆ ಕೂಡಲೇ ಅಳಿಸಬೇಡಿ. ಮತ್ತೊಮ್ಮೆ ಮೊದಲಿನಿಂದ ಮಾಡಿ. ತಪ್ಪು ಸಿಕ್ಕರೆ ತಿದ್ದಿಕೊಳ್ಳಿ. ತಪ್ಪು ಸಿಗದಿದ್ದರೆ, ಯಾರು ನಕ್ಕರೂ, ಅದನ್ನು ಹಾಗೇ ಇಟ್ಟುಕೊಳ್ಳಿ.

ನೀವೇ ಲೆಕ್ಕ ಮಾಡಿ

ಸೂರ್ಯನಷ್ಟೇ ದ್ರವ್ಯರಾಶಿಯ ಕಪ್ಪು ಕುಳಿಯ ತ್ರಿಜ್ಯ ಸುಮಾರು 3 ಕಿ.ಮೀ. ದ್ರವ್ಯರಾಶಿ ಎಷ್ಟು ಪಟ್ಟು ಹೆಚ್ಚಿದರೆ ತ್ರಿಜ್ಯವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

1. ಸಿಗ್ನಸ್ ಎಕ್ಸ್-1 ಕಪ್ಪು ಕುಳಿಯ ತ್ರಿಜ್ಯ ಸುಮಾರು ಎಷ್ಟು?
2. ಎಂ-87ರ ಕಪ್ಪು ಕುಳಿಯ ತ್ರಿಜ್ಯ ಎಷ್ಟು? ಸೂರ್ಯನಿಂದ ಭೂಮಿಗೆ ಇರುವ ದೂರ 15 ಕೋಟಿ ಕಿ.ಮೀ. ಆ ತ್ರಿಜ್ಯ ಈ ದೂರದ ಎಷ್ಟು ಪಟ್ಟು?

ಉತ್ತರ: 1) 63 ಕಿ.ಮೀ. 2) 1,950 ಕೋಟಿ ಕಿ.ಮೀ.; 130 ಪಟ್ಟು.